ಅಟ್ಟದ ಮೇಲಿನ ಕಬ್ಬಿಣದ ಕಾಯಿ

ಇಲ್ಲಿ ಬರೆಯುವುದರಲ್ಲಿ ಕೆಲವು ಸಂಗತಿಗಳು ತಪ್ಪಿರಬಹುದು. ಯಾವ ವರ್ಷ ಎಂದು ಖಚಿತವಾಗಿ ಹೇಳಲಾರೆ. ಎಪ್ಪತ್ತರ ದಶಕದ ಕೊನೆ, ನಾನು ಮೈಸೂರಿನಲ್ಲಿ ಇತಿಹಾಸ ಎಂ.ಎ. ಓದುತ್ತಿದ್ದೆ, ದಸರಾ ರಜೆಗೆ ಊರಿಗೆ ಬಂದಿದ್ದೆ ಎನ್ನುವಷ್ಟು ಗೊತ್ತು. ದಿನಚರಿ ಬರೆಯುವ ಅಭ್ಯಾಸ ಆಗಲೂ ಇತ್ತು, ಆದರೆ ಆ ವಾರದ ಹಾಳೆಗಳಲ್ಲಿ ಪರೀಕ್ಷೆಯ ಚಿಂತೆ ಬಿಟ್ಟರೆ ಬೇರೇನೂ ಇಲ್ಲ. ಮನೆಯಲ್ಲಿ ದೊಡ್ಡದೇನಾದರೂ ನಡೆಯುವಾಗ ನಾನು ಬರೆಯುವುದಿಲ್ಲ. ಆಮೇಲೆ ನೆನಪನ್ನು ನಂಬಬೇಕಾಗುತ್ತದೆ, ನಂಬಿಕೆ ಬರುವುದಿಲ್ಲ.

ಅದಕ್ಕಿಂತ ಹಳೆಯ ನೆನಪೊಂದಿದೆ. ಬೆಟ್ಟದ ದಾರಿ. ನನಗೆ ಹತ್ತೋ ಹನ್ನೊಂದೋ ವರ್ಷ. ನನ್ನ ಮುಂದೆ ಒಂದು ಕೈ. ಆ ಕೈಯಲ್ಲಿ ತುಕ್ಕು ಹಿಡಿದ, ಸುಲಿದ ತೆಂಗಿನಕಾಯಿಗಿಂತ ಸ್ವಲ್ಪ ಉದ್ದನೆಯ ಏನೋ ಒಂದು. ಕೈ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತದೆ. ಎದುರು ಬಿಸಿಲು, ಮುಖ ಕಾಣುವುದಿಲ್ಲ. ಆ ಕೈಗೆ ಬಳೆ ಇರಲಿಲ್ಲ ಎನ್ನುವುದು ಮಾತ್ರ ಸ್ಪಷ್ಟವಾಗಿದೆ. ಇದನ್ನು ನಾನು ಕಂಡೆನೋ, ಆಮೇಲೆ ನಡೆದದ್ದನ್ನು ನೋಡಿ ನನ್ನ ತಲೆಯೇ ಕಟ್ಟಿಕೊಂಡಿತೋ, ಅದನ್ನೂ ಹೇಳಲಾರೆ.

ಅಲ್ಲಾಡಿಸಿ ನೋಡುವುದು ನಮ್ಮ ಸೀಮೆಯ ಚಾಳಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಎಲ್ಲಿ ಹೋದರೂ ಇದೇ. ಮರದಿಂದ ಕೆಡವಿದ ಕಾಯಿಯನ್ನು ಅಟ್ಟಕ್ಕೆ ಏರಿಸಿ ವರ್ಷದ ಹತ್ತಿರ ಬಿಡುತ್ತೇವೆ. ಕೆಳಗಿನ ಒಲೆಯ ಹೊಗೆ, ಮೇಲಿನ ಹೆಂಚಿನ ಕಾವು, ಎರಡಕ್ಕೂ ಒಳಗಿನ ನೀರು ಇಂಗಿ, ಕೊಬ್ಬರಿ ಕರಟದಿಂದ ಬಿಡಿಸಿಕೊಂಡು ಗಿಟಕಾಗುತ್ತದೆ. ಆಗ ಕಾಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಟಲೊಟ ಅನ್ನುತ್ತದೆ. ಅನ್ನದಿದ್ದರೆ ಇನ್ನೂ ಹಸಿ. ಹುಟ್ಟಿದಾಗಿನಿಂದ ಇದನ್ನೇ ನೋಡಿದ ಜನ ಕೈಗೆ ಸಿಕ್ಕ ಯಾವುದನ್ನೂ ಅಲ್ಲಾಡಿಸದೆ ಬಿಡುವುದಿಲ್ಲ. ಪರಂಗಿಹಣ್ಣು, ಬೀಗ ಹಾಕಿದ ಟ್ರಂಕು, ಪಾರ್ಸೆಲ್, ಎಲ್ಲವನ್ನೂ. ನನ್ನ ಅಪ್ಪ ಹೊಸ ಟ್ರಾನ್ಸಿಸ್ಟರನ್ನು ಅಂಗಡಿಯಲ್ಲೇ ಕಿವಿಗಿಟ್ಟು ಅಲ್ಲಾಡಿಸಿ, ಅಂಗಡಿಯವನ ಕೈಲಿ ಬೈಸಿಕೊಂಡಿದ್ದರು. ಬಾಂಬನ್ನು ಅಲ್ಲಾಡಿಸಿ ನೋಡುವ ಜನ ಲೋಕದಲ್ಲಿ ಎಲ್ಲಾದರೂ ಇದ್ದರೆ ಅವರು ನಮ್ಮವರೇ.

ನಮ್ಮೂರಿರುವುದು ಚಿಕ್ಕನಾಯಕನಹಳ್ಳಿ ಕಡೆ, ತೋಟದ ಕೊನೆಯ ಸಾಲು ಮುಗಿದ ಕೂಡಲೇ ಬೆಟ್ಟ ಏರುವ ಜಾಗದಲ್ಲಿ. ಬೆಟ್ಟದ ನಮ್ಮ ಮಗ್ಗುಲಲ್ಲಿ ದನದ ದಾರಿಗಳು, ಬೋಳು ಬಂಡೆ, ಬಂಡೆಯ ಮೇಲೊಂದು ನೀರಿನ ದೊಣೆ, ದೊಣೆಯ ಪಕ್ಕ ಒಂದು ಕಲ್ಲು ಬಸವಣ್ಣ. ಆಚೆಯ ಮಗ್ಗುಲಲ್ಲಿ ಆಳೆತ್ತರದ ಹುಲ್ಲು ಬೆಳೆಯುವ ಒಂದು ಕಣಿವೆ. ಅದನ್ನು ಫಿರಂಗಿ ಹಳ್ಳ ಅನ್ನುತ್ತಿದ್ದರು. ಹಿಟ್ಲರನ ಯುದ್ಧದ ಕಾಲದಲ್ಲಿ ದಂಡಿನವರು ಬಂದು ಡೇರೆ ಹಾಕಿ, ಅಲ್ಲಿಗೆ ಗುಂಡು ಹೊಡೆದು ಹೊಡೆದು ಕಲಿತುಕೊಂಡು ಹೋದರಂತೆ. ಇತಿಹಾಸದ ವಿದ್ಯಾರ್ಥಿನಿಯಾಗಿ ನಾನು ಇದಕ್ಕೆ ಆಧಾರ ಹುಡುಕಿದೆ, ಸಿಗಲಿಲ್ಲ. ಆದರೆ ಮಳೆಗಾಲ ಕಳೆದ ಮೇಲೆ ಹಳ್ಳದ ಕಡೆಯಿಂದ ತುಕ್ಕು ಹಿಡಿದ ಕಬ್ಬಿಣದ ತುಂಡುಗಳು ಮಣ್ಣಿನಿಂದ ಎದ್ದು ಬರುತ್ತಿದ್ದವು. ಜನ ಆರಿಸಿ ತಂದು ಬಾಗಿಲಿಗೆ ಒತ್ತು ಕೊಡಲು, ನೇಗಿಲ ಗುಳಕ್ಕೆ ಬೆಣೆ ಬಡಿಯಲು ಇಟ್ಟುಕೊಳ್ಳುತ್ತಿದ್ದರು. ಪುಸ್ತಕದಲ್ಲಿ ಸಿಗದ ಯುದ್ಧ ನಮ್ಮ ಬಾಗಿಲ ಸಂದಿಯಲ್ಲಿತ್ತು.

ಬೆಟ್ಟಕ್ಕೆ ತಪ್ಪದೆ ಹೋಗುತ್ತಿದ್ದವಳು ನನ್ನ ಅತ್ತೆ, ಅಪ್ಪನ ಅಕ್ಕ. ತುರುವೇಕೆರೆ ಕಡೆಗೆ ಕೊಟ್ಟಿದ್ದರು. ಗಂಡ ಬೇಗ ತೀರಿಕೊಂಡ. ತವರಿಗೆ ಬಂದಳು. ನಾನು ಕೂಸಾಗಿದ್ದಾಗಲೇ ಅಮ್ಮ ಹೋದದ್ದರಿಂದ ನನ್ನನ್ನು ಸಾಕಿದವಳು ಅವಳೇ. ಮನೆಯ ಶುಭಕಾರ್ಯಗಳಲ್ಲಿ ಅತ್ತೆ ಹಿತ್ತಲ ಬಾಗಿಲ ಹತ್ತಿರ ನಿಲ್ಲುತ್ತಿದ್ದಳು. ಯಾರೂ ನಿಲ್ಲು ಎಂದು ಹೇಳುತ್ತಿರಲಿಲ್ಲ, ಯಾರೂ ಬಾ ಎಂದೂ ಕರೆಯುತ್ತಿರಲಿಲ್ಲ. ಸೋಮವಾರ ಮಾತ್ರ ಒಲೆ ಕೆಲಸ ಮುಗಿಸಿ, ಹಿತ್ತಾಳೆ ಚೊಂಬು ಹಿಡಿದು ಬೆಟ್ಟ ಹತ್ತುವಳು. ದೊಣೆಯಿಂದ ನೀರು ಮೊಗೆದು ಬಸವಣ್ಣನ ನೆತ್ತಿಗೆ ಹೊಯ್ದು, ವಿಭೂತಿ ಬಳಿದು, ಬಂಡೆಯ ಮೇಲೆ ಕಾಲು ಚಾಚಿ ಕೂತುಬಿಡುವಳು. ಅಲ್ಲಿಂದ ನೋಡಿದರೆ ಕೆಂಕೆರೆ ಕಡೆಗೂ ಹೊನ್ನವಳ್ಳಿ ಕಡೆಗೂ ತೆಂಗಿನ ತಲೆಗಳೇ. "ಇಲ್ಲಿ ಕೂತ್ರೆ ಎಲ್ಲಾರ್ ತಲೇನೂ ನನ್ ಕಾಲ್ ಕೆಳ್ಗೆ ಕಣೇ," ಅನ್ನುತ್ತಿದ್ದಳು. ಮನೆಯಲ್ಲಿ ಅವಳು ಕಾಲು ಚಾಚಿ ಕೂತದ್ದನ್ನು ನಾನು ನೋಡಿಲ್ಲ.

ಆ ದಸರಾ ರಜೆಯಲ್ಲಿ ನಮ್ಮ ಅಟ್ಟದ ಅಡಕೆ ಮರದ ದಬ್ಬೆಗಳು ಹುಳು ಹಿಡಿದು ಕುಂಬಾಗಿ, ಎಲ್ಲವನ್ನೂ ಕೆಳಗಿಳಿಸಿ ಹೊಸ ದಬ್ಬೆ ಹಾಸಬೇಕಿತ್ತು. ಅಟ್ಟಕ್ಕೆ ಹತ್ತಿದ್ದವನು ನಮ್ಮ ತೋಟದಲ್ಲಿ ಕಾಯಿ ಕೆಡವುವ ಆಳು, ಬಾಯಿ ಜೋರಿನ ಮನುಷ್ಯ. ಮೇಲಿಂದ ಒಂದೊಂದೇ ಕಾಯಿ ಅಲ್ಲಾಡಿಸಿ, ಲೊಟಲೊಟ ಅಂದದ್ದನ್ನು ಒಂದು ಕಡೆಗೆ, ಅನ್ನದ್ದನ್ನು ಇನ್ನೊಂದು ಕಡೆಗೆ ಎಸೆಯುತ್ತಿದ್ದ. ಕೆಳಗೆ ಅತ್ತೆಯೂ ನಾನೂ ರಾಶಿ ಮಾಡುತ್ತಿದ್ದೆವು. ಅಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಮೂಲೆಯ ಗೋಣಿಚೀಲ ಎತ್ತಿದ ಆಳು ಕೂಗಿದ:

"ಅಕ್ಕೋರೇ, ನಿಮ್ಮನೆ ತೆಂಗು ಭಾಳ ಜಾತಿವಂತದ್ದು ಕಣ್ರೀ. ಇಲ್ಲೊಂದ್ ಕಬ್ಬಿಣದ ಕಾಯಿ ಬುಟ್ಟೈತೆ!"

"ಅಲ್ಲಾಡ್ಸಿ ನೋಡ್ಲಾ, ಗಿಟಕಾಗಿದ್ರೆ ಹಾಕು," ಅಂದಳು ಅತ್ತೆ ನಗುತ್ತಾ.

ಅವನು ನಿಜವಾಗಿಯೂ ಅಲ್ಲಾಡಿಸಿದ. ಕಿವಿ ಹತ್ತಿರ ಹಿಡಿದು, ಕಣ್ಣು ಕಿರಿದು ಮಾಡಿ. "ಏನೂ ಅನ್ನಾಕಿಲ್ಲ ಕಣ್ರೀ, ಹಸೀ ಐತೆ," ಎಂದು ಅದನ್ನು ಹಸಿ ಕಾಯಿಯ ರಾಶಿಯ ಕಡೆಗೆ ಎಸೆಯಲು ತೂಗಿದ.

ಅದರ ಹಿಂಬದಿಯ ಬಾಲದಲ್ಲಿದ್ದ ಮುರಿದ ರೆಕ್ಕೆ ನನ್ನ ಕಣ್ಣಿಗೆ ಬಿತ್ತು. ಕಾಲೇಜಿನಲ್ಲಿ ನಮಗೆ ಕವಾಯತು ಕಲಿಸುತ್ತಿದ್ದ ನಿವೃತ್ತ ಸುಬೇದಾರರು ಮರದಲ್ಲಿ ಮಾಡಿದ ಇಂಥದ್ದೊಂದನ್ನು ತೋರಿಸಿ, ಇದಕ್ಕೆ ಮಾರ್ಟರ್ ಶೆಲ್ ಅನ್ನುತ್ತಾರೆ, ಇದು ಹಳೆಯದಾದಷ್ಟೂ ಸಿಟ್ಟು ಜಾಸ್ತಿ ಎಂದಿದ್ದರು. ನಾನು ಕಿರುಚಿದೆ. ಏನು ಕಿರುಚಿದೆ ನೆನಪಿಲ್ಲ. ಆಳು ಆಮೇಲೆ ಊರಿಗೆಲ್ಲ ಹೇಳುತ್ತಿದ್ದುದು, ನಾನು ಇಂಗ್ಲಿಷಿನಲ್ಲಿ ಬೈದೆ ಎಂದು. ಅಂತೂ ಅವನ ಕೈ ನಿಂತಿತು. ಅದನ್ನು ಇದ್ದಲ್ಲೇ ಮೆಲ್ಲಗೆ ಮಲಗಿಸಿ, ಏಣಿ ಹಿಡಿಯದೆ ಇಳಿದುಬಂದ.

ಅತ್ತೆ ಒಲೆಗೆ ನೀರು ಸುರಿದಳು. ಬೂದಿ ಎದ್ದು ಅಡುಗೆಮನೆಯೆಲ್ಲ ಬೆಳ್ಳಗಾಯಿತು. ಆ ಮೂಲೆ ಸರಿಯಾಗಿ ಒಲೆಯ ನೆತ್ತಿಯ ಮೇಲಿತ್ತು. ಎಷ್ಟು ವರ್ಷದಿಂದಲೋ ಅವಳು ಅದರ ಕೆಳಗೆ ಕೂತು ಮುದ್ದೆ ತಿರುವಿದ್ದಳು. ಶೆಲ್ಲಿಗೆ ಹೊಗೆ ಹಾಕಿ, ಕಾಯಿಯ ಜೊತೆ ಒಣಗಿಸಿದ್ದೆವು.

ಅಪ್ಪ ಸೈಕಲ್ ಹತ್ತಿ ಪೊಲೀಸ್ ಠಾಣೆಗೆ ಹೋದರು. ಬಂದ ಕಾನ್ಸ್‌ಟೇಬಲ್ ಬಾಗಿಲಿನಿಂದಲೇ ಮೇಲೆ ನೋಡಿ, "ಇದು ನಮ್ ಕೈಲಾಗೋ ಕೆಲ್ಸ ಅಲ್ಲ ಬುಡಿ," ಎಂದು ಅಂಗಳದಾಚೆ ಹೋಗಿ ನಿಂತ. ಬೆಂಗಳೂರಿನಿಂದ ಮಿಲಿಟರಿಯವರು ಬರುವ ತನಕ ನಾವು ತೋಟದ ಪಂಪ್‌ಹೌಸಿನಲ್ಲಿ ಅಡುಗೆ ಮಾಡಿಕೊಂಡೆವು. ಬಂದವರಲ್ಲಿ ಹಿರಿಯ ಹವಾಲ್ದಾರರು ಹುಬ್ಬಳ್ಳಿ ಕಡೆಯವರು. ಬೀದಿ ಖಾಲಿ ಮಾಡಿಸಿ, ಮರಳು ತುಂಬಿದ ಪೆಟ್ಟಿಗೆಯಲ್ಲಿ ಅದನ್ನಿಟ್ಟು, ಊರಾಚೆಯ ಕಲ್ಲುಗುಂಡಿಗೆ ಒಯ್ದು ಸಿಡಿಸಿದರು. ಆ ಸದ್ದಿಗೆ ನಮ್ಮ ಹಸು ಹಗ್ಗ ಕಿತ್ತುಕೊಂಡು ಓಡಿತು. ಅಷ್ಟು ವರ್ಷ ಹೊಗೆ ಕುಡಿದರೂ ಆ ಶೆಲ್ಲಿಗೆ ಜೀವ ಇತ್ತು.

ಆಮೇಲೆ ಹವಾಲ್ದಾರರು ನಮ್ಮ ಜಗುಲಿಯ ಮೇಲೆ ಕೂತು, ಊರವರನ್ನು ಮುಂದೆ ಕೂರಿಸಿಕೊಂಡು ಹೇಳಿದರು. ಈ ಮಾತುಗಳನ್ನು ಆ ದಿನವೇ ಅತ್ತೆಯೂ ನಾನೂ ಹೇಳಿಕೊಂಡು ಬಾಯಿಪಾಠ ಮಾಡಿದ್ದರಿಂದ ಇದು ತಪ್ಪಿರಲಾರದು.

"ಮುಟ್ಟಬ್ಯಾಡ್ರಿ. ಅಳ್ಳಾಡಸಬ್ಯಾಡ್ರಿ. ದೂರದಿಂದ ಕಲ್ಲು ಒಗದು ನೋಡಬ್ಯಾಡ್ರಿ. ಹತ್ತಿರ ಬೆಂಕಿ ಅಂತೂ ಹಾಕಲೇಬ್ಯಾಡ್ರಿ. ಕಂಡಕೂಡ್ಲೆ ನಿಂದರ್ರಿ, ಬಂದ ಹೆಜ್ಜಿ ಮ್ಯಾಲೇ ಹೆಜ್ಜಿ ಇಟ್ಟು ಹಿಂದಕ್ಕ ಬರ್ರಿ. ದಾರ್‍ಯಾಗ ದೂರ ಒಂದ್ ಗುರುತು ಇಡ್ರಿ. ಆಮ್ಯಾಲೆ ಠಾಣೆಗೆ ತಿಳಸ್ರಿ. ದನ ತುಳಿದ ದಾರಿ ಬಿಟ್ಟು ಇಳೀಬ್ಯಾಡ್ರಿ, ಆ ಹಳ್ಳದಾಗಂತೂ ಬ್ಯಾಡೇ ಬ್ಯಾಡ." ಸ್ವಲ್ಪ ತಡೆದು ಕೇಳಿದರು: "ಇದನ್ನ ಯಾರರ ಅಳ್ಳಾಡಿಸಿದ್ರೇನು?"

ಎಲ್ಲರೂ ನೆಲ ನೋಡಿದರು. ಆಳು ಎಲ್ಲರಿಗಿಂತ ಹೆಚ್ಚು ಶ್ರದ್ಧೆಯಿಂದ ನೋಡಿದ.

ಹವಾಲ್ದಾರರು ಬೆಟ್ಟಕ್ಕೆ ಹೋಗಬೇಡಿ ಎಂದು ಹೇಳಲಿಲ್ಲ. ಇದನ್ನು ನಾನು ಒತ್ತಿ ಬರೆಯುತ್ತಿದ್ದೇನೆ. ಹೇಗೆ ಹೋಗಬೇಕು ಎಂದು ಹೇಳಿದರು. ಜೀಪು ಹೊರಟ ಮೇಲೆ, ಅರಳಿಕಟ್ಟೆಯ ಮೇಲೆ ಅದು ಬೇರೆಯೇ ಮಾತಾಯಿತು. ಊರಿನ ಯಜಮಾನರು ಎಲೆಯಡಿಕೆ ಉಗುಳಿ, "ಯಾವಾಗ್ಲೂ ಬೆಟ್ಟ ಸುತ್ತೋರು ಯಾರು? ಅವ್ರೇ ತಾನೆ ತಂದಿರೋದು?" ಅಂದರು. ಯಾರೂ ಹೆಸರು ಹೇಳಲಿಲ್ಲ. ಎಲ್ಲರೂ ಅತ್ತೆಯ ಕಡೆ ನೋಡಿದರು. "ಇನ್ಮೇಲೆ ಹೆಣ್ಮಕ್ಳು ಬೆಟ್ಟ ಹತ್ತಂಗಿಲ್ಲ. ಸೌದೆ ಬೇಕಾದ್ರೆ ತೋಟದ ಗರಿ ಐತೆ. ದಾರೀಗೆ ಮುಳ್ಳು ಕಡ್ದು ಹಾಕ್ರಿ."

ನಾನು ಎದ್ದು ನಿಂತೆ. ನಿಂತದ್ದು ನಿಜ. "ನಮ್ಮನೆ ಕಾಯಿ ಅಟ್ಟಕ್ಕೆ ಹೆಂಗಸ್ರು ಹತ್ತೋ ಹಾಗಿಲ್ಲ," ಎಂದೆ. "ಹತ್ತಿದ್ರೆ ಕಾಯಿ ಕೊಳೆತು ಹೋಗ್ತವೆ ಅಂತ ನಮ್ಮ ತಾತನ ಕಾಲದಿಂದ ಇರೋ ಕಟ್ಟು. ಅತ್ತೆ ಅಟ್ಟಕ್ಕೆ ಹತ್ತಿದ್ದನ್ನ ಯಾರಾದ್ರೂ ನೋಡಿದೀರಾ?"

ಇದು ಊರಿನ ಎಲ್ಲ ಮನೆಯಲ್ಲೂ ಇದ್ದ ಕಟ್ಟು. ಯಜಮಾನರು ನನ್ನನ್ನು ನೋಡದೆ ಅಪ್ಪನನ್ನು ನೋಡಿ, "ಮೈಸೂರಿಗೆ ಕಳ್ಸಿ ಓದ್ಸಿದ್ದಕ್ಕೆ ಪಾಯ್ಟು ಹಾಕಾದ್ನ ಚೆನ್ನಾಗಿ ಕಲ್ತವ್ಳೆ ಕಣಪ್ಪ ನಿನ್ ಮಗ್ಳು," ಅಂದರು. ಜನ ನಕ್ಕರು. ಅಪ್ಪ ನಗಲಿಲ್ಲ. ಟವಲನ್ನು ಹೆಗಲಿಂದ ತೆಗೆದು, ಮಡಚಿ, ಮತ್ತೆ ಹೆಗಲಿಗೆ ಹಾಕಿಕೊಂಡರು.

ಮನೆಗೆ ಬಂದು ಅತ್ತೆಯನ್ನು ಕೇಳಿದೆ, ನೀನು ತಂದೆಯಾ ಎಂದು. ತಾನೇ ತಂದದ್ದಾದರೆ ಅಟ್ಟದ ಕೆಳಗೆ ನಿಂತು ಅಲ್ಲಾಡಿಸಿ ನೋಡ್ಲಾ ಎಂದು ನಗುತ್ತಿದ್ದಳೇ? ಹಾಗಿದ್ದರೂ ಕೇಳಿದೆ. ಅವಳು ಹಿಟ್ಟಿನ ಕೋಲು ತೊಳೆಯುತ್ತಾ, "ಯಾರ್ ತಂದ್ರೆ ಏನಾಗ್ಬೇಕು ಬುಡು. ಈ ಮನೇಲಿ ಉಣ್ಣೋಳು ನಾನು. ಸೋಮ್ವಾರ ನಾನ್ ಬೆಟ್ಟಕ್ ಹೋಗೋದೆ, ಅಷ್ಟು ತಿಳ್ಕೊ," ಅಂದಳು.

ಸೋಮವಾರ ಚೊಂಬು ಹಿಡಿದಳು. ಅಪ್ಪ ಜಗುಲಿಯಲ್ಲಿದ್ದರು.

"ಎಲ್ಲಿಗಕ್ಕ?"

"ಹೋದ್ವಾರ ಎಲ್ಲಿಗ್ ಹೋಗಿದ್ನೋ ಅಲ್ಲಿಗೆ."

"ಊರ್ನೋರು ಮುಳ್ಳು ಹಾಕವ್ರೆ."

"ನಂಗೂ ಕಣ್ಣೈತೆ ಕಣಪ್ಪ. ನೋಡ್ದೆ."

ನಾನೂ ಅವಳ ಹಿಂದೆ ಹೊರಟೆ. ದಾರಿಯ ಬಾಯಿಗೆ ಜಾಲಿಮುಳ್ಳು ಒಟ್ಟಿದ್ದರು. ಅತ್ತೆ ಕೋಲಿನಿಂದ ಮುಳ್ಳು ಸರಿಸಿ, ನಾವಿಬ್ಬರೂ ದಾಟಿದ ಮೇಲೆ ಮತ್ತೆ ಎಳೆದು ಮುಚ್ಚಿದಳು. ಯಾಕೆ ಮುಚ್ಚುತ್ತೀಯ ಎಂದರೆ, "ಪಾಪ, ಕಷ್ಟಪಟ್ಟು ಹಾಕವ್ರೆ," ಅಂದಳು. ಇಳಿದು ಬರುವಾಗ ಮಾತ್ರ ಒಂದೊಂದು ರೆಂಬೆ ಎಳೆದು ತರುತ್ತಿದ್ದಳು. ಆ ಬೇಲಿ ಹೀಗೆ ವಾರವಾರವೂ ಸ್ವಲ್ಪಸ್ವಲ್ಪವೇ ನಮ್ಮ ನೀರೊಲೆ ಸೇರಿತು. ಯಜಮಾನರು ಇನ್ನೊಮ್ಮೆ ಹಾಕಿಸಿದರು. ಅದೂ ಚೆನ್ನಾಗಿ ಉರಿಯಿತು.

ನಾವು ಹುಡುಗಾಟಕ್ಕೆ ಹೋಗುತ್ತಿರಲಿಲ್ಲ. ಹಟಕ್ಕೆ ಬಿದ್ದು ಜೀವ ಕೊಡುವ ಹೆಂಗಸಲ್ಲ ನನ್ನ ಅತ್ತೆ. ಹವಾಲ್ದಾರರ ಮಾತನ್ನು ಅವಳು ಮಡಿಯ ಹಾಗೆ ಪಾಲಿಸಿದಳು. ದನದ ದಾರಿ ಬಿಟ್ಟು ಪಕ್ಕಕ್ಕೆ ಕಾಲಿಡುತ್ತಿರಲಿಲ್ಲ. ಮುಂದೆ ಅವಳು, ಹಿಂದೆ ನಾನು. ಮೊದಲೆಲ್ಲ ಬಂಡೆ ಮೇಲೆ ಮೂರು ಕಲ್ಲಿಟ್ಟು ಕಾಫಿ ಕಾಯಿಸುತ್ತಿದ್ದೆವು, ಅದನ್ನು ಬಿಟ್ಟೆವು. ಗುರುತಿಗೆಂದು ಅವಳು ಕರಟಗಳಿಗೆ ಸುಣ್ಣ ಬಳಿದು ಒಣಗಿಸಿ, ತೂತು ಮಾಡಿ ತೆಂಗಿನ ನಾರು ಪೋಣಿಸಿ ಸೆರಗಿಗೆ ಕಟ್ಟಿಕೊಳ್ಳುತ್ತಿದ್ದಳು. ಬೆಳ್ಳಗಿನ ಕರಟ ಹಸಿರಿನಲ್ಲಿ ಬಲು ದೂರಕ್ಕೆ ಕಾಣುತ್ತದೆ.

ನನ್ನ ರಜೆ ಮುಗಿಯುವ ಮೊದಲೇ ಒಂದು ಕರಟಕ್ಕೆ ಕೆಲಸ ಬಿತ್ತು. ಫಿರಂಗಿ ಹಳ್ಳದ ಮೇಲಿನ ಏಣಿನ, ಬೆಟ್ಟದ ಅಂಚಿನ ಹತ್ತಿರ, ದಾರಿಯಿಂದ ಆಚೆ, ಮಳೆನೀರು ಕೊರೆದ ಮಣ್ಣಿನಲ್ಲಿ ಅಂಥದ್ದೇ ಬಾಲವೊಂದು ಮೇಲೆದ್ದಿತ್ತು. ಅತ್ತೆ ಗಕ್ಕನೆ ನಿಂತಳು. ನಾನು ಅವಳ ಬೆನ್ನಿಗೆ ಮುಗ್ಗರಿಸಿದೆ.

"ಕೈ ಕಡೀತೈತೆ ಕಣೇ," ಅಂದಳು ಪಿಸುದನಿಯಲ್ಲಿ. "ಒಂದೇ ಒಂದ್ಸಲ ಅಲ್ಲಾಡ್ಸಿ ನೋಡಾನ ಅನ್ಸ್ತೈತೆ."

"ಅತ್ತೆ!"

"ಅನ್ಸ್ತೈತೆ ಅಂದೆ. ಅಲ್ಲಾಡ್ಸ್ತೀನಿ ಅಂದ್ನಾ?" ಎಂದು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಹಾಗೇ ನಾವು ಬಂದ ಹೆಜ್ಜೆಯ ಮೇಲೆ ಹಿಂದಕ್ಕೆ ಬಂದು, ದಾರಿ ಕವಲಾಗುವ ಕಡೆ ಇದ್ದ ತಂಗಡಿ ಗಿಡಕ್ಕೆ ಕರಟ ಕಟ್ಟಿದೆವು. ಮಾರನೆಯ ದಿನ ಬಸ್ಸು ಹಿಡಿದು ಠಾಣೆಗೆ ಹೋದೆವು. ಅದೇ ಕಾನ್ಸ್‌ಟೇಬಲ್ ನಮ್ಮನ್ನು ನೋಡಿ, "ಮತ್ತೆ ನೀವೇನಾ ತಾಯಿ? ನಿಮ್ಗೆ ಬೇರೆ ಏನೂ ಸಿಗಾಕಿಲ್ವಾ?" ಅಂದ. ಅತ್ತೆ, "ನೀವೇ ಬನ್ನಿ, ನಿಮ್ಗೆ ಬೇರೆ ಏನಾರ ಸಿಕ್ರೂ ಸಿಗ್ಬೋದು," ಅಂದಳು. ಅವನು ಬರಲಿಲ್ಲ, ಆದರೆ ತಿಳಿಸಬೇಕಾದವರಿಗೆ ತಿಳಿಸಿದ. ಮಿಲಿಟರಿಯವರು ಬಂದು ಅದನ್ನೂ ಸಿಡಿಸಿ ಹೋದರು. ಆಗಲೂ ಅರಳಿಕಟ್ಟೆಯ ಮೇಲೆ ಹೊರಟ ಮಾತು ಒಂದೇ: ಈ ಹೆಂಗಸರು ಹೋಗದಿದ್ದರೆ ಇದೂ ಸಿಗುತ್ತಿರಲಿಲ್ಲ. ಹೋಗದಿದ್ದರೆ ಅದು ಅಲ್ಲೇ ಇರುತ್ತಿತ್ತು, ಯಾವುದಾದರೂ ದನ ತುಳಿಯುವ ತನಕ ಎಂದು ನಾನು ಎಷ್ಟು ಹೇಳಿದರೂ ಅದು ಪಾಯಿಂಟ್ ಹಾಕುವುದರ ಲೆಕ್ಕಕ್ಕೇ ಸೇರಿತು.

ಬೇಸಿಗೆ ಬಂತು. ಪರೀಕ್ಷೆ ಮುಗಿಸಿ ನಾನು ಊರಿಗೆ ಬಂದಿದ್ದೆ. ನಮ್ಮಲ್ಲಿ ಮುಂಗಾರಿಗೆ ಮೊದಲು ಬೆಟ್ಟದ ಒಣಹುಲ್ಲಿಗೆ ಬೆಂಕಿ ಕೊಡುವ ವಾಡಿಕೆ. ಹಳೆಯ ಹುಲ್ಲು ಸುಟ್ಟರೆ ಮೊದಲ ಮಳೆಗೆ ಹೊಸ ಚಿಗುರು ಬರುತ್ತದೆ, ದನಕ್ಕೆ ಮೇವು. ಕೆಲಸ ಗಂಡಸರದ್ದು. ಆ ವರ್ಷವೂ ಒಂದು ಬೆಳಿಗ್ಗೆ ಯಜಮಾನರ ಜೊತೆ ಊರಿನ ಗಂಡಸರು ಸೋಗೆಯ ಪಂಜು ಕಟ್ಟಿಕೊಂಡು ಹೊರಟರು. ಅವರೊಳಗೆ ಅಪ್ಪನೂ ಇದ್ದರು. ಹೆಂಗಸರು ಹೋಗಬಾರದೆಂದು ಮುಳ್ಳು ಹಾಕಿದ ಜನ, ಬೆಂಕಿ ಅಂತೂ ಹಾಕಲೇಬೇಡಿ ಎಂದದ್ದನ್ನು ತಮ್ಮ ಕಿವಿಯಿಂದಲೇ ಕೇಳಿದ ಜನ, ಅದೇ ಬೆಟ್ಟಕ್ಕೆ, ಅದೇ ಹಳ್ಳದ ಹುಲ್ಲಿಗೆ ಬೆಂಕಿ ಕೊಡಲು ಹೋಗುತ್ತಿದ್ದರು. ವಾಡಿಕೆ ಎಂದರೆ ಅದಕ್ಕೆ ಕಿವಿ ಇರುವುದಿಲ್ಲ.

ಅತ್ತೆ ಅಂಗಳದಲ್ಲಿ ನಿಂತು ನೋಡಿದಳು. ಅವತ್ತು ಸೋಮವಾರವಲ್ಲ. ಒಳಗೆ ಹೋಗಿ ಚೊಂಬು ತಂದಳು.

ನಾವು ಅಡ್ಡದಾರಿಯಿಂದ ಅವರಿಗಿಂತ ಮೊದಲೇ ಬೆಟ್ಟದ ಬುಡ ಸೇರಿದೆವು. ಅವರು ಬರುವ ಹೊತ್ತಿಗೆ ಅತ್ತೆ ದಾರಿಯ ನಡುವೆ ನಿಂತಿದ್ದಳು.

"ಏನವ್ವ ಇದು, ದಾರಿ ಬುಡು," ಅಂದರು ಯಜಮಾನರು.

"ಬುಡ್ತೀನಿ. ಮಿಲಿಟ್ರಿಯೋರು ಬೆಂಕಿ ಹಾಕ್ಬ್ಯಾಡ್ರಿ ಅಂದಿದ್ದು ನೆಪ್ಪೈತಾ?"

"ಎಷ್ಟೋ ವರ್ಷದಿಂದ ಹಚ್ತಾ ಇದೀವಿ, ಏನಾಗೈತೆ?"

"ಎಷ್ಟೋ ವರ್ಷದಿಂದ ಅದರ್ ಕೆಳ್ಗೆ ನಾನೂ ಒಲೆ ಹಚ್ಚೀನಿ. ಏನೂ ಆಗಿಲ್ಲ. ಆಗಿಲ್ಲ ಅಂತ ಮತ್ತೆ ಅಟ್ಟಕ್ಕೇರ್ಸಾನ?"

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಯಜಮಾನರ ಮುಖ ಕೆಂಪಾಯಿತು. "ನೋಡವ್ವ, ಹೆಂಗ್ಸು ಅಂತ ಸುಮ್ಕಿದೀನಿ."

"ನಾನೂ ಅದಕ್ಕೇ ಸುಮ್ಕಿದ್ದೆ," ಅಂದಳು ಅತ್ತೆ. "ಹಚ್ಚಿ. ನಾನ್ ಮೇಲೆ ಬಸವಣ್ಣನ ತಾವ ಕೂತಿರ್ತೀನಿ. ನಾನ್ ಅಲ್ಲಿದೀನಿ ಅಂತ ಗೊತ್ತಿಟ್ಕಂಡು ಹಚ್ಚಿ." ಎಂದವಳೇ ತಿರುಗಿ ಬೆಟ್ಟ ಹತ್ತತೊಡಗಿದಳು. ದನದ ದಾರಿಯಲ್ಲೇ, ಪಕ್ಕಕ್ಕೆ ಒಂದು ಹೆಜ್ಜೆಯೂ ಇಡದೆ.

ನಾನೂ ಹತ್ತಿದೆ. ಬಂಡೆಯ ಮೇಲೆ ಅವಳ ಪಕ್ಕದಲ್ಲಿ ಕೂತೆ. ಕೆಳಗೆ ಗಂಡಸರು ಸಣ್ಣದಾಗಿ ಕಾಣುತ್ತಿದ್ದರು. ಪಂಜುಗಳನ್ನು ಹಚ್ಚಿರಲಿಲ್ಲ. ಏನೋ ಜಗಳ ನಡೆಯುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಬೋಳು ಬಂಡೆಯ ಮೇಲೆ ಬೆಂಕಿ ಬರುವುದಿಲ್ಲ ಎಂದು ನನಗೂ ಗೊತ್ತು, ಅವಳಿಗೂ ಗೊತ್ತು. ಆದರೆ ಆಚೆ ಹಳ್ಳದಲ್ಲಿ ಏನು ಎದ್ದು ಎಲ್ಲಿ ಬೀಳುತ್ತದೆ ಎಂದು ಯಾರಿಗೆ ಗೊತ್ತು? ಅತ್ತೆ ದೊಣೆಯ ನೀರು ಮೊಗೆದು ಬಸವಣ್ಣನ ನೆತ್ತಿಗೆ ಹೊಯ್ದಳು. ಕಾಲು ಚಾಚಿದಳು.

"ಹಚ್ಚೇಬಿಟ್ರೆ?" ಎಂದೆ.

"ಹಚ್ಲಿ. ಹಚ್ಚಿದೋರು ಅವ್ರೇ ಆಗ್ತಾರೆ, ಆಗ ಯಾರೂ, ಹೆಂಗ್ಸು ಬೆಟ್ಟಕ್ ಹೋಗಿದ್ದಕ್ಕೆ ಹಿಂಗಾಯ್ತು ಅನ್ನಂಗಿಲ್ಲ. ಅನ್ನೋದಾದ್ರೆ ಅನ್ಲಿ, ನಾನ್ ಕೇಳಾಕ್ ಇರಾಕಿಲ್ವಲ್ಲ."

ಇದನ್ನು ಅವಳು ನಗುತ್ತಾ ಹೇಳಿದಳು. ನನಗೆ ನಗು ಬರಲಿಲ್ಲ.

ಬಿಸಿಲು ಏರಿತು. ಕೆಳಗಿನ ಗುಂಪಿನಿಂದ ಒಬ್ಬರು ಬಿಡಿಸಿಕೊಂಡು ಬೆಟ್ಟ ಹತ್ತತೊಡಗಿದರು. ಅಪ್ಪ. ಹತ್ತಿರ ಬಂದವರು ನಮ್ಮನ್ನು ಏಳಿ ಎನ್ನಲಿಲ್ಲ. ದೊಣೆಯ ನೀರು ಕುಡಿದು, ಟವಲಿನಿಂದ ಮುಖ ಒರೆಸಿಕೊಂಡು, ಅತ್ತೆಯ ಇನ್ನೊಂದು ಪಕ್ಕದಲ್ಲಿ ಕೂತುಬಿಟ್ಟರು. ಅಕ್ಕ ತಮ್ಮ ಇಬ್ಬರೂ ಕೆಳಗೆ ನೋಡುತ್ತಾ ಕೂತರು. ಹಾಗೆ ಬಹಳ ಹೊತ್ತು ಕೂತೆವು ಎಂದು ನನ್ನ ನೆನಪು. ಕೊನೆಗೆ ಗುಂಪು ಚದುರಿತು. ಯಜಮಾನರು ಎಲ್ಲರಿಗಿಂತ ಹಿಂದೆ ಹೋದರು, ಅವರ ಪಂಜು ದಾರಿಯಲ್ಲೇ ಬಿದ್ದಿತ್ತು. ಇಳಿಯುವಾಗ ಅತ್ತೆ ಅದನ್ನೂ ಎತ್ತಿಕೊಂಡಳು, ನೀರೊಲೆಗೆ.

ಆ ಬೇಸಿಗೆ ನಮ್ಮೂರಿನವರು ಬೆಂಕಿ ಹಾಕಲಿಲ್ಲ. ಮುಂದಿನ ವರ್ಷಗಳಲ್ಲೂ ಹಾಕಲಿಲ್ಲ. ಅತ್ತೆಯ ಮಾತಿಗೆ ಬೆಲೆ ಕೊಟ್ಟು ಎಂದು ಯಾರೂ ಒಪ್ಪುವುದಿಲ್ಲ. ಹುಲ್ಲನ್ನು ಕೊಯ್ದು ತಂದರೇ ಲಾಭ ಎಂದು ತಮಗೇ ಹೊಳೆಯಿತಂತೆ. ಆಗಲಿ.

ಸಿಟ್ಟು ಬರುವುದು ಇದಕ್ಕಲ್ಲ. ಆ ಬೆಂಕಿ ನಿಂತರೂ ಅಟ್ಟದ ಕಾಯಿಯ ಅಪವಾದ ಅತ್ತೆಯ ತಲೆಯಿಂದ ಇಳಿಯಲಿಲ್ಲ. "ಬಾಂಬು ತಂದಿದ್ಲಲ್ಲ, ಅವ್ಳು" ಎನ್ನುವುದು ಅವಳ ಗುರುತಾಗಿ ನಿಂತಿತು. ಮದುವೆಗೆ ಬಂದ ನೆಂಟರಿಗೆ ಹಿತ್ತಲ ಬಾಗಿಲ ಕಡೆ ಕೈ ತೋರಿಸಿ ಹೇಳುವ ಮಾತಾಯಿತು. ಅತ್ತೆ ಒಮ್ಮೆಯೂ ಇಲ್ಲ ಎನ್ನಲಿಲ್ಲ. ಅಪ್ಪ ಇದ್ದ ಕಡೆಯೂ ಜನ ಹಾಗೆನ್ನುತ್ತಿದ್ದರು. ಅಪ್ಪ ಟವಲು ಮಡಚುತ್ತಿದ್ದರು.

ನಾನು ತುಮಕೂರಿನಲ್ಲಿ ಪಾಠ ಹೇಳಲು ಸೇರಿದ ಮೇಲಿನ ಮಾತು, ಎಂಬತ್ತರ ದಶಕದ ಮೊದಲ ಭಾಗ. ಬೇಸಿಗೆ ರಜೆಗೆ ಬಂದಿದ್ದೆ. ಬೆಟ್ಟದ ಆಚೆಯ ಊರಿನ ಕಡೆಯಿಂದ ಹುಲ್ಲಿಗೆ ಬಿದ್ದ ಬೆಂಕಿ ಏಣು ದಾಟಿ ಫಿರಂಗಿ ಹಳ್ಳಕ್ಕೆ ಇಳಿದಿತ್ತು. ಅಂಗಳದಲ್ಲಿ ಅಪ್ಪ ಕಾಯಿ ಸುಲಿಯುತ್ತಿದ್ದರು, ಅತ್ತೆ ಮಟ್ಟೆ ಒಟ್ಟುತ್ತಿದ್ದಳು, ನಾನು ಸುಮ್ಮನೆ ಕೂತಿದ್ದೆ. ನೆಲ ಒಮ್ಮೆ ಒದ್ದಂತಾಯಿತು. ಆಮೇಲೆ ಸದ್ದು. ಸ್ವಲ್ಪ ತಡೆದು ಇನ್ನೊಂದು. ತೋಟದ ಕಾಗೆಗಳೆಲ್ಲ ಒಟ್ಟಿಗೆ ಎದ್ದವು. ಒಳಗೆ ಅಟ್ಟದ ಮೇಲಿನ ಕಾಯಿಗಳು ಒಂದಕ್ಕೊಂದು ತಾಗಿ ಲೊಟಲೊಟ ಅಂದವು. ಅಷ್ಟು ಕಾಯಿ ಒಟ್ಟಿಗೆ ಹಾಗನ್ನುವುದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ದನಗಳು ಆಗಲೇ ಕೊಟ್ಟಿಗೆಗೆ ಬಂದಿದ್ದವು. ನಮ್ಮೂರಿನವರು ಯಾರೂ ಮೇಲಿರಲಿಲ್ಲ.

ಅತ್ತೆ ಮಟ್ಟೆ ಒಟ್ಟುವುದನ್ನು ನಿಲ್ಲಿಸಲಿಲ್ಲ. "ಹಸೀ ಇರ್ಲಿಲ್ಲ ಅಂತಾಯ್ತು," ಅಂದಳು, ಅಷ್ಟೇ. ಮಟ್ಟೆಯ ಹೊರೆ ಎತ್ತಿಕೊಂಡು ಹಿತ್ತಲಿಗೆ ಹೋದಳು.

ಅಪ್ಪ ಸುಲಿದ ಕಾಯೊಂದನ್ನು ಎತ್ತಿ, ಅಭ್ಯಾಸದಂತೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಸಂಜೆಯ ಬಿಸಿಲು ಎದುರಿಗಿತ್ತು. ನಾನು ಆ ಕೈಯನ್ನು ನೋಡಿದೆ. ಬೆಟ್ಟದ ದಾರಿಯ ನೆನಪಿನ ಕೈಗೆ ಬಳೆ ಇರಲಿಲ್ಲ ಎಂದು ಮೊದಲೇ ಬರೆದೆ. ಅದು ಅತ್ತೆಯ ಕೈ ಎಂದು ನಾನೂ ಎಷ್ಟೋ ದಿನ ಅಂದುಕೊಂಡಿದ್ದೆ. ಅತ್ತೆಯ ಕೈಯಲ್ಲಿ ಬಳೆ ಇಲ್ಲ, ತೆಗೆಸಿದ್ದಾರೆ. ಅಪ್ಪನ ಕೈಯಲ್ಲಿ ಬಳೆ ಎಂದೂ ಇರಲಿಲ್ಲ. ಬಳೆ ಇಲ್ಲದ ಕೈ ಎಂದ ಕೂಡಲೇ ನನಗೂ ಊರಿಗೂ ಒಂದೇ ಕೈ ಯಾಕೆ ನೆನಪಾಯಿತು?

ನೆನಪಿನ ಕೈ ಅಪ್ಪನದೇ ಎಂದು ನಾನು ಸಾಧಿಸಲಾರೆ. ಅತ್ತೆಯೇ ತಂದು ಕೊಟ್ಟಿರಬಹುದು, ಅಪ್ಪ ಏನೆಂದು ತಿಳಿಯದೆ ಮೇಲಿಟ್ಟಿರಬಹುದು. ತಾತನೇ ಇಟ್ಟಿರಬಹುದು. ತಿಳಿಯದೆ ಇಟ್ಟದ್ದು ತಪ್ಪೆಂದು ನಾನು ಯಾರ ಮೇಲೂ ಹೊರಿಸುವುದಿಲ್ಲ. ಆಳು ಅಲ್ಲಾಡಿಸಿದ, ಅತ್ತೆಗೆ ಕೈ ಕಡಿಯಿತು, ನನ್ನ ಕೈಗೆ ಸಿಕ್ಕಿದ್ದರೆ ನಾನೂ ಅಲ್ಲಾಡಿಸುತ್ತಿದ್ದೆನೋ ಏನೋ. ಆದರೆ ಅಟ್ಟಕ್ಕೆ ಏಣಿ ಹತ್ತಿದ್ದು ಅತ್ತೆಯಲ್ಲ. ಅದನ್ನು ಒಂದು ಸಲ, ಅರಳಿಕಟ್ಟೆಯ ಮೇಲೆ ಬೇಡ, ಈ ಅಂಗಳದಲ್ಲಾದರೂ, ಅವಳಿಗೆ ಕೇಳಿಸುವ ಹಾಗೆ ಯಾರಾದರೂ ಹೇಳಬೇಕಿತ್ತು.

ಹಾಗಾಗಿ ಅಂದು ಕೇಳಿಯೇಬಿಟ್ಟೆ. ಅಪ್ಪ ಕಾಯಿ ಕೆಳಗಿಟ್ಟರು, ಹೆಗಲ ಟವಲು ತೆಗೆದರು, ಮಡಚಿದರು. ಹಿತ್ತಲಲ್ಲಿ ಅತ್ತೆ ಮಟ್ಟೆ ಎಸೆಯುವ ಸದ್ದೂ ನಿಂತಿತ್ತು. ಅದಾಗಿ ಕೆಲವು ವರ್ಷ ಕಳೆದಿವೆ. ಅಪ್ಪ ಈಗಲೂ ಕಾಯಿ ಸುಲಿಯುತ್ತಾರೆ, ಅತ್ತೆ ಈಗಲೂ ಸೋಮವಾರ ಬೆಟ್ಟ ಹತ್ತುತ್ತಾಳೆ, ನಾನು ಪ್ರತಿ ರಜೆಯಲ್ಲೂ ಅವಳ ಹಿಂದೆ ದನದ ದಾರಿಯಲ್ಲೇ ಹೋಗಿ ಬಂದು, ಅದೇ ಅಂಗಳದಲ್ಲಿ ಕೂತು, ಅದನ್ನೇ ಕೇಳುತ್ತೇನೆ:

"ಅಪ್ಪ, ಅದನ್ನ ಅಟ್ಟಕ್ಕೆ ಏರಿಸಿದ್ದು ಯಾರು?"